ಕೆಂಪು ಪ್ಲೇಟಿನ ಗಾಡಿಯೂ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯೂ

ಬಟವಾಡಿಯಲ್ಲಿ ರೂಮು ಮಾಡಿಕೊಂಡಿರೋ ನಮ್ಮಂಥವರಿಗೆ ಬೆಳಗ್ಗೆ ಎದ್ದು ಬಿ.ಎಚ್. ರೋಡಿಗೆ ಬಂದರೆ ಕಣ್ಣಿಗೆ ಬೀಳೋದು ಎರಡೇ. ಒಂದು, ಎಪಿಎಂಸಿ ಯಾರ್ಡಿನ ಕಡೆ ತಿರುಗೋ ಲಾರಿಗಳು. ಇನ್ನೊಂದು, ಶೋರೂಮುಗಳ ಮುಂದೆ ಸಾಲಾಗಿ ನಿಲ್ಲಿಸಿರೋ, ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ಹೊಸ ಗಾಡಿಗಳು. (ಬಿ.ಎಚ್. ಅಂದ್ರೆ ಬೆಂಗಳೂರು-ಹೊನ್ನಾವರ ಅಂತ ನಮಗೆ ಗೊತ್ತಾಗಿದ್ದು ಮೂರನೇ ಸೆಮಿಸ್ಟರಿನಲ್ಲಿ. ಅಲ್ಲೀವರೆಗೂ ನಮ್ಮಲ್ಲೊಬ್ಬ ಅದನ್ನ ಬೆಂಗಳೂರು ಹೈವೇ ಅಂತಲೇ ತಿಳಿದಿದ್ದ. ಹೆಸರು ಹೇಳಲ್ಲ, ಅವನು ಈ ಪತ್ರಿಕೆ ಓದ್ತಾನೆ.)

ನಾವು ನಾಲ್ಕು ಜನ. ಗುಬ್ಬಿಯವನು, ಕುಣಿಗಲ್ಲಿನವನು, ಶಿರಾದವನು, ತುಮಕೂರಿನವನೇ ಆಗಿದ್ದರೂ ಮನೇಲಿ ಓದೋಕಾಗಲ್ಲ ಅಂತ ನೆಪ ಹೇಳಿ ನಮ್ಮ ಜೊತೆ ಸೇರಿಕೊಂಡ ಇನ್ನೊಬ್ಬ. ಮೂರು ಜನ ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಿಕಲ್. ನಾಲ್ಕು ವರ್ಷ ಆ ಕೆಂಪು ನಂಬರ್ ಪ್ಲೇಟುಗಳನ್ನ ನೋಡಿಕೊಂಡೇ ಓಡಾಡಿದ್ವಿ. ಕೆಂಪು ಹಿನ್ನೆಲೆ, ಬಿಳಿ ಅಕ್ಷರ, ಕೆಎ 06, ಆಮೇಲೆ ಟಿಸಿ, ಆಮೇಲೆ ಒಂದು ಸಂಖ್ಯೆ. "ಟಿಸಿ ಅಂದ್ರೆ ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಕಣೋ, ಶೋರೂಮಿಂದ ಗಿರಾಕಿ ಮನೆಗೆ ಟ್ರಾನ್ಸ್‌ಫರ್" ಅಂತ ಶಿರಾದವನು ಒಂದ್ಸಲ ಗಂಭೀರವಾಗಿ ಹೇಳಿದ್ದ. ನಾವೂ ನಂಬಿದ್ವಿ. ಅದು ಟ್ರೇಡ್ ಸರ್ಟಿಫಿಕೇಟ್ ಅಂತ ನಾವು ಕಲಿತಿದ್ದು ಕ್ಲಾಸಿನಲ್ಲಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ.

ಆರನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಕುಣಿಗಲ್ಲಿನವನು ಒಂದು ಬೈಕ್ ಶೋರೂಮಿನಲ್ಲಿ ಕೆಲಸಕ್ಕೆ ಸೇರಿದ. ಕೆಲಸ ಅಂದ್ರೆ ದೊಡ್ಡದೇನಲ್ಲ. ಗೋಡೌನಿಂದ ಶೋರೂಮಿಗೆ, ಶೋರೂಮಿಂದ ವಾಷಿಂಗಿಗೆ, ಅಲ್ಲಿಂದ ಡೆಲಿವರಿ ಜಾಗಕ್ಕೆ ಗಾಡಿ ತಂದು ನಿಲ್ಲಿಸೋದು. ದಿನಕ್ಕಿಷ್ಟು ಅಂತ ಕೈಗೆ ದುಡ್ಡು. ಆರ್ಡರ್ ಲೆಟರೂ ಇಲ್ಲ, ಐಡಿ ಕಾರ್ಡೂ ಇಲ್ಲ. ಕುದುರೆ ಫಾರಮ್ಮಿನ ಊರಿನವನು, ಸವಾರಿ ರಕ್ತದಲ್ಲೇ ಐತೆ ಅಂತ ನಾವು ಛೇಡಿಸ್ತಿದ್ವಿ. ಅವನ ಹತ್ರ ಒಂದು ಕೆಂಪು ಪ್ಲೇಟು ಇರ್ತಿತ್ತು, ಹಿಂದೆ ಮ್ಯಾಗ್ನೆಟ್ಟೋ ಕೊಕ್ಕೆಯೋ ಇದ್ದದ್ದು. ಯಾವ ಗಾಡಿ ಹತ್ತಿದ್ರೂ ಅದೇ ಪ್ಲೇಟು. ಒಂದು ಗಾಡಿಯಿಂದ ಬಿಚ್ಚಿ ಇನ್ನೊಂದಕ್ಕೆ ಸಿಗಿಸೋದು.

ಇಲ್ಲೊಂದು ವಿಷಯ ಒಪ್ಪಿಕೊಂಡುಬಿಡ್ತೀವಿ. ಸಂಜೆ ಅವನು ಆ ಗಾಡಿ ತಗೊಂಡು ರೂಮಿನ ಹತ್ರ ಬರ್ತಿದ್ದ. ಹೊಸ ಮಾಡೆಲ್ಲು, ಓಡೋಮೀಟರಿನಲ್ಲಿ ಹದಿಮೂರು ಕಿಲೋಮೀಟರು. ನಾವು ನಾಲ್ಕೂ ಜನ ಸರದಿ ಪ್ರಕಾರ ಒಂದೊಂದು ರೌಂಡು ಹೊಡೆದಿದ್ದೀವಿ, ಫೋಟೋ ತೆಗೆಸಿಕೊಂಡಿದ್ದೀವಿ, ಸ್ಟೇಟಸ್ಸಿಗೂ ಹಾಕಿದ್ದೀವಿ. ಮುಂದೆ ಆದದ್ದಕ್ಕೆ ಶೋರೂಮಿನವರನ್ನ ಮಾತ್ರ ಬೈದು ಕೈ ತೊಳೆದುಕೊಳ್ಳೋ ಹಾಗಿಲ್ಲ ಅಂತ ಇದನ್ನ ಮೊದಲೇ ಬರೆದದ್ದು.

ಅವತ್ತು ಭಾನುವಾರ. ಶೋರೂಮಿನಲ್ಲಿ ಡೆಲಿವರಿ ಜಾಸ್ತಿ ಇದ್ದ ದಿನ. ಮ್ಯಾನೇಜರು "ಹುಡುಗ್ರಿಗೆಲ್ಲ ತಿಂಡಿ ತಂದ್ಬಿಡು" ಅಂತ ಕುಣಿಗಲ್ಲಿನವನನ್ನ ಕ್ಯಾತ್ಸಂದ್ರಕ್ಕೆ ಕಳಿಸಿದರು. ತುಮಕೂರಿನವರಿಗೆ ತಿಂಡಿ ಅಂದ್ರೆ ಇನ್ನೇನು, ತಟ್ಟೆ ಇಡ್ಲಿ. ಮಾರಾಟಕ್ಕಿದ್ದ ಒಂದು ಬೈಕಿಗೆ ಪ್ಲೇಟು ಸಿಗಿಸಿ ಹೋದ. ವಾಪಸ್ ಬರುವಾಗ ಸರ್ವಿಸ್ ರಸ್ತೆಯಲ್ಲಿ, ಹ್ಯಾಂಡಲ್ಲಿಗೆ ನೇತುಹಾಕಿದ್ದ ಚಟ್ನಿ ಕವರು ಜಾರಿತು, ಅದನ್ನ ಹಿಡಿಯೋಕೆ ಒಂದು ಕೈ ಬಿಟ್ಟ, ಮುಂದೆ ಹೋಗ್ತಿದ್ದ ಒಬ್ಬ ಅಜ್ಜನ ಸೈಕಲ್ಲಿಗೆ ಬಡಿದ. ಅಷ್ಟೇ ನಡೆದದ್ದು. ವೇಗ ಹೆಚ್ಚಿರಲಿಲ್ಲ. ಇವನ ಮೊಣಕಾಲು ತರಚಿತು. ಅಜ್ಜನ ಎಡಗೈ ಮಣಿಕಟ್ಟಿನ ಹತ್ರ ಮುರೀತು.

ನಮಗೆ ಫೋನು ಬಂದು ನಾವು ಓಡಿದಾಗ ಜನ ಸೇರಿದ್ದರು. ಟ್ರಾಫಿಕ್ ಪೊಲೀಸಿನವರೊಬ್ಬರು ಗಾಡಿಯ ಸುತ್ತ ಒಂದು ಸುತ್ತು ಬಂದು ಕೇಳಿದ್ದು ಮೂರೇ ಪ್ರಶ್ನೆ. "ಟಿಸಿ ಪೇಪರ್ ಎಲ್ಲಿ?" ಆಫೀಸಿನಲ್ಲಿತ್ತು. "ನೀನು ಶೋರೂಮಿನವನು ಅನ್ನೋಕೆ ಏನೈತೆ?" ಏನೂ ಇರಲಿಲ್ಲ. "ಎಲ್ಲಿಗೆ ಹೋಗಿದ್ದೆ?" ರಸ್ತೆ ತುಂಬ ಇಡ್ಲಿ ಬಿದ್ದಿತ್ತು, ಉತ್ತರ ಕೊಡೋ ಅವಶ್ಯಕತೆಯೇ ಇರಲಿಲ್ಲ. ಅಷ್ಟರಲ್ಲಿ ಗುಂಪಿನಲ್ಲಿದ್ದ ಯಾರೋ ಇನ್ನೊಂದು ಮಾತು ಹೇಳಿದರು, ಇದೇ ನಂಬರಿನ ಇನ್ನೊಂದು ಗಾಡಿಯನ್ನ ಆಗ್ಲೇ ಕುಣಿಗಲ್ ರೋಡಿನಲ್ಲಿ ಕಂಡ್ವಿ ಅಂತ. ಇದ್ದರೂ ಇರಬಹುದು. ಒಂದೇ ನಂಬರಿನ ಎರಡು ಪ್ಲೇಟು ಮಾಡಿಸಿಟ್ಟಿದ್ದರು ಅಂತ ಕುಣಿಗಲ್ಲಿನವನೇ ಆಮೇಲೆ ಹೇಳಿದ.

ಶೋರೂಮಿಗೆ ಫೋನು ಮಾಡಿದರೆ ಮ್ಯಾನೇಜರು ಹೇಳಿದ್ದು: "ನಾವು ಗೋಡೌನಿಗೆ ಕಳಿಸಿದ್ದು. ಅವನಾಗಿ ಅವನೇ ಎಲ್ಲಿಗೋ ಹೋದ್ರೆ ನಾವೇನ್ ಮಾಡೋಣ?"

ಆಸ್ಪತ್ರೆಯಲ್ಲಿ ಅಜ್ಜನ ಕೈಗೆ ಪ್ಲಾಸ್ಟರ್ ಹಾಕೋವರೆಗೆ ನಾವು ಹೊರಗೆ ಬೆಂಚಿನ ಮೇಲೆ ಕೂತಿದ್ವಿ. ಅಜ್ಜ ಒಂದು ಕಾಲದಲ್ಲಿ ಯಾರ್ಡಿನಲ್ಲಿ ಹಮಾಲಿ ಮಾಡ್ತಿದ್ದವರು. ಈಗ ಮಗನ ಅಂಗಡಿಗೆ ಸಾಮಾನು ತಂದುಕೊಡ್ತಾರೆ. ಬೈಯಲಿಲ್ಲ, ಕಂಪ್ಲೇಂಟೂ ಬೇಡ ಅಂದರು. ಆದ್ರೆ ಒಂದು ಮಾತು ಕೇಳಿದರು. "ಅಲ್ಲಪ್ಪಾ, ನೀನು ನಿಂತ್ಕಂಡೆ, ಸರಿ. ಓಡೋಗಿದ್ರೆ? ಆ ನಂಬ್ರ ಇಡ್ಕಂಡು ನಾನು ಯಾರ್ ಮನೆ ಬಾಗ್ಲಿಗೆ ಓಗ್ಬೇಕಾಗಿತ್ತು?" ನಮ್ಮ ಹತ್ರ ಉತ್ತರ ಇರಲಿಲ್ಲ. ಆಸ್ಪತ್ರೆ ಬಿಲ್ಲು ನಾಲ್ಕು ಜನ ಸೇರಿ ಕಟ್ಟಿದ್ವಿ, ಒಬ್ಬನ ಪರೀಕ್ಷಾ ಶುಲ್ಕದ ದುಡ್ಡೂ ಅದರಲ್ಲಿ ಹೋಯ್ತು. ಕುಣಿಗಲ್ಲಿನವನ ಕೆಲಸ ಅವತ್ತೇ ಹೋಯ್ತು, ಅದು ಹೇಳಬೇಕಾಗಿಲ್ಲ.

ಅಜ್ಜನ ಪ್ರಶ್ನೆ ತಲೆಯಲ್ಲಿ ಕೊರೀತಾ ಇತ್ತು. ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದನ್ನ ತೆಗೆದು ಓದಿದ್ವಿ. ಎಂಜಿನಿಯರಿಂಗ್ ಪುಸ್ತಕಕ್ಕಿಂತ ಸುಲಭ ಇದೆ, ನಿಜವಾಗ್ಲೂ. 33ನೇ ನಿಯಮದಿಂದ 46ರವರೆಗೆ ಓದಿದ್ರೆ ಸಾಕು, ಕೆಂಪು ಪ್ಲೇಟಿನ ಜಾತಕ ಪೂರ್ತಿ ಸಿಗುತ್ತೆ.

ಮೂಲ ಲೆಕ್ಕ ಹೀಗಿದೆ. 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಮಿನ ಪ್ರಕಾರ ರಿಜಿಸ್ಟ್ರೇಷನ್ ಇಲ್ಲದ ಗಾಡಿ ರಸ್ತೆಗೆ ಬರೋ ಹಾಗಿಲ್ಲ. ಆದರೆ ಡೀಲರ್ ಹತ್ರ ಇರೋ ಗಾಡಿಗಳು ಇನ್ನೂ ಯಾರ ಹೆಸರಿಗೂ ಆಗಿಲ್ಲ, ಮಾರಾಟವೇ ಆಗಿಲ್ಲ. ಪ್ರತಿಯೊಂದನ್ನೂ ರಿಜಿಸ್ಟರ್ ಮಾಡಿಸು ಅಂದ್ರೆ ವ್ಯಾಪಾರ ಮುಚ್ಚಬೇಕಾಗುತ್ತೆ, ಒಂದ್ಸಲ ಡೀಲರ್ ಹೆಸರಿಗಾದ ಗಾಡಿ ಹೊಸದು ಅಂತ ಯಾರು ತಗೋತಾರೆ? ಅದಕ್ಕೇ ಕಾಯ್ದೆಯಲ್ಲೇ ಡೀಲರಿಗೆ ಒಂದು ವಿನಾಯಿತಿ ಇದೆ. ಆ ವಿನಾಯಿತಿಗೆ ಷರತ್ತು ಟ್ರೇಡ್ ಸರ್ಟಿಫಿಕೇಟು. ಅಂದ್ರೆ ಇಲ್ಲಿ ನಂಬರು ಗಾಡಿಯದಲ್ಲ, ವ್ಯಾಪಾರಿಯದು. ಆ ನಂಬರು ಹಾಕಿಕೊಂಡು ಓಡಾಡೋ ಯಾವ ಗಾಡಿಗಾದ್ರೂ ನಾನು ಜವಾಬ್ದಾರ ಅಂತ ಅವನು ಸರ್ಕಾರಕ್ಕೆ ಬರೆದುಕೊಟ್ಟ ಹಾಗೆ. ಅಜ್ಜ ಹೋಗಬೇಕಾಗಿದ್ದ ಬಾಗಿಲು ಅದೇ.

39ನೇ ನಿಯಮ ಹೇಳೋದು: ಒಂದು ಗುರುತು ಒಂದು ಸಲಕ್ಕೆ ಒಂದೇ ಗಾಡಿಯ ಮೇಲೆ. (ಕಾಯ್ದೆಯಲ್ಲಿ 39, ನಿಯಮದಲ್ಲೂ 39, ನಾವೂ ಮೊದಲು ತಲೆ ಕೆಡಿಸಿಕೊಂಡಿದ್ವಿ.) ಅದೂ ಬೈಕಿಗೆ ಅಂತ ತಗೊಂಡದ್ದು ಬೈಕಿಗೇ, ಕಾರಿಗಲ್ಲ. ಎರಡು ಪ್ಲೇಟು ಮಾಡಿಸಿದ್ದು ಅಲ್ಲಿಗೇ ತಪ್ಪು. ಸರ್ಟಿಫಿಕೇಟು ಮಳೆ ನೀರು ತಾಗದ ದುಂಡನೆಯ ಕವರಿನಲ್ಲಿ ಗಾಡಿಯ ಜೊತೆಗೇ ಇರಬೇಕು ಅಂತಲೂ ಆ ನಿಯಮದಲ್ಲಿ ಬರೆದಿದ್ದರು. ದುಂಡನೆಯ ಕವರು ನಾವು ಯಾವ ಶೋರೂಮಿನಲ್ಲೂ ನೋಡಿಲ್ಲ ಬಿಡಿ. 40ನೇ ನಿಯಮದಲ್ಲಿ, ಈ ಗುರುತು ಪಡೆದವನು ಬೇರೆಯವರಿಗೆ ಬಳಸೋಕೆ ಕೊಡಬಾರದು, ಗಾಡಿಯಲ್ಲಿ ಅವನೋ ಅವನ ನೌಕರನೋ ಅವನ ಪರವಾಗಿ ನಿಜವಾಗಿ ಕೆಲಸ ಮಾಡೋನೋ ಇರಲೇಬೇಕು ಅಂತಿದೆ. ಒಬ್ಬರೇ ಕೂರೋ ಗಾಡಿಯಾದರೆ ಮಾತ್ರ ಗಿರಾಕಿ ಒಬ್ಬನೇ ಓಡಿಸಿ ನೋಡಬಹುದು. ನಾವು ರೂಮಿನ ಮುಂದೆ ಹೊಡೆದ ರೌಂಡುಗಳು ಇದರಲ್ಲಿ ಎಲ್ಲಿ ಸೇರ್ತವೆ ಅಂತ ಹುಡುಕಿದ್ವಿ. ಎಲ್ಲೂ ಸೇರಲಿಲ್ಲ.

ನಮಗೆ ಬಹಳ ಇಷ್ಟವಾದದ್ದು 41ನೇ ನಿಯಮ. ಈ ನಂಬರಿನ ಮೇಲೆ ಗಾಡಿ ಯಾವ್ಯಾವ ಕೆಲಸಕ್ಕೆ ಹೋಗಬಹುದು ಅಂತ ಅಲ್ಲಿ ಪಟ್ಟಿ ಕೊಟ್ಟಿದ್ದಾರೆ. ತಯಾರಿಯೋ ರಿಪೇರಿಯೋ ಆದಮೇಲೆ ಪರೀಕ್ಷೆಗೆ. ತೂಕದ ಸೇತುವೆಗೆ. ರಿಜಿಸ್ಟ್ರೇಷನ್ನಿಗೆ. ಕೊಳ್ಳೋ ಮನಸ್ಸಿರೋ ಗಿರಾಕಿಗೆ ಓಡಿಸಿ ತೋರಿಸೋಕೆ. ಡೀಲರಿಂದ ಡೀಲರಿಗೆ, ಬಾಡಿ ಕಟ್ಟೋ ವರ್ಕ್‌ಶಾಪಿಗೆ, ಪೇಂಟಿಂಗಿಗೆ, ರೈಲ್ವೆ ಸ್ಟೇಷನ್ನಿಗೆ, ಬಂದರಿಗೆ, ವಾಹನ ಪ್ರದರ್ಶನಕ್ಕೆ. ಕೊನೆಗೆ, ಕಂತು ಕಟ್ಟದವನಿಂದ ಫೈನಾನ್ಸಿನವರು ಗಾಡಿ ಎತ್ತಿಕೊಂಡು ಹೋಗೋಕೂ ಜಾಗ ಇದೆ. ಇಡ್ಲಿ ಇಲ್ಲ. ಶಿರಾದವನು ಪಟ್ಟಿಯನ್ನ ಎರಡು ಸಲ ಜೋರಾಗಿ ಓದಿ, "ತಟ್ಟೆ ಇಡ್ಲಿನ ವಾಹನ ಪ್ರದರ್ಶನ ಅಂತ ತೋರಿಸೋಕಾಗಲ್ವೇನೋ?" ಅಂದ. ಕುಣಿಗಲ್ಲಿನವನು ನಗಲಿಲ್ಲ. ಮೊಣಕಾಲಿನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

42ನೇ ನಿಯಮ ಎಲ್ಲರೂ ತಿಳಿದಿರಬೇಕಾದ್ದು, ಯಾಕಂದ್ರೆ ಕೆಲಸ ಸಿಕ್ಕ ಮೊದಲ ವರ್ಷ ನಾವೆಲ್ಲ ಮಾಡೋದು ಒಂದೇ, ಗಾಡಿ ತಗೊಳ್ಳೋದು. ತಾತ್ಕಾಲಿಕವೋ ಕಾಯಮ್ಮೋ, ರಿಜಿಸ್ಟ್ರೇಷನ್ ಇಲ್ಲದೆ ಡೀಲರ್ ಗಿರಾಕಿಗೆ ಗಾಡಿ ಕೊಡೋ ಹಾಗೇ ಇಲ್ಲ. ನಮ್ಮ ಕ್ಲಾಸಿನ ಒಬ್ಬನಿಗೆ ಆಯುಧಪೂಜೆ ದಿನವೇ ಬೈಕು ಬೇಕಿತ್ತು. ಶೋರೂಮಿನವರು "ಪೂಜೆ ಮಾಡಿಸ್ಕೊಂಡು ಹೋಗಿ, ನಂಬರ್ ಬರೋವರೆಗೆ ಟಿಸಿ ಹಾಕ್ಕೊಂಡು ಓಡಿಸಿ" ಅಂದರು. ಅವನೂ ಹನ್ನೊಂದು ದಿನ ಓಡಿಸಿದ. ಅವನಿಗೇನೂ ಆಗಲಿಲ್ಲ, ಪುಣ್ಯವಂತ. ಆಗಿದ್ರೆ? ರಿಜಿಸ್ಟ್ರೇಷನ್ ಇಲ್ಲದೆ ರಸ್ತೆಗೆ ಇಳಿಸಿದ್ರೆ 192ನೇ ಕಲಮಿನಲ್ಲಿ ಮೊದಲ ಸಲಕ್ಕೇ 2,000ದಿಂದ 5,000 ರೂಪಾಯಿ ದಂಡ ಇದೆ. ಅದು ಸಣ್ಣದು. ದೊಡ್ಡದು ವಿಮೆ. ನರಿಂದರ್ ಸಿಂಗ್ ಅನ್ನೋವರ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ತಾತ್ಕಾಲಿಕ ರಿಜಿಸ್ಟ್ರೇಷನ್ ಮುಗಿದಿದ್ದ ಗಾಡಿ ಅಪಘಾತವಾದರೆ ವಿಮಾ ಕಂಪನಿ ಕೊಡಬೇಕಾಗಿಲ್ಲ, ರಿಜಿಸ್ಟ್ರೇಷನ್ ಇಲ್ಲದೆ ಓಡಿಸೋದು ಪಾಲಿಸಿಯ ಮೂಲ ಷರತ್ತನ್ನೇ ಮುರಿದ ಹಾಗೆ ಅಂತ ಹೇಳಿತು. ಅಲ್ಲಿ ಅವಧಿ ಮುಗಿದು ತಿಂಗಳೂ ಆಗಿರಲಿಲ್ಲ. 2021ರಲ್ಲಿ ಕಳುವಾದ ಒಂದು ಬೊಲೆರೊ ಗಾಡಿಯ ಕೇಸಿನಲ್ಲೂ ಅದೇ ಮಾತು, ಅಲ್ಲಿ ತಾತ್ಕಾಲಿಕ ನಂಬರಿನ ಅವಧಿ ಮುಗಿದು ಹತ್ತು ದಿನವೂ ಆಗಿರಲಿಲ್ಲ. ಲಕ್ಷಗಟ್ಟಲೆ ಕೊಟ್ಟ ಗಾಡಿ, ಕಂತು ಮಾತ್ರ ಉಳೀತು. ನೀವು ಗಾಡಿ ತಗೊಂಡಾಗ ಕೆಂಪು ಪ್ಲೇಟಿನ ಸಮೇತ ಕೀ ಕೈಗಿಟ್ಟರೆ ತಗೋಬೇಡಿ. ಹಬ್ಬ ಮುಂದಿನ ವರ್ಷವೂ ಬರುತ್ತೆ. ಈಗ ಕಾಯ್ದೆಯೇ ರಿಜಿಸ್ಟ್ರೇಷನ್ನಿನ ಅರ್ಜಿ ಹಾಕೋ ಕೆಲಸ ಡೀಲರಿನದು ಅನ್ನುತ್ತೆ, ಹಾಕದಿದ್ರೆ 192ಬಿ ಕಲಮಿನಲ್ಲಿ ವರ್ಷದ ತೆರಿಗೆಯ ಹದಿನೈದು ಪಟ್ಟು ಅಥವಾ ಗಾಡಿಯ ಪೂರ್ತಿ ಜೀವಾವಧಿ ತೆರಿಗೆ, ಯಾವುದು ಹೆಚ್ಚೋ ಅದು, ಅವನ ತಲೆ ಮೇಲೆ.

ಇಷ್ಟೆಲ್ಲ ಓದಿ ನಾವು ಸುಮ್ಮನಾಗಿರ್ತಿದ್ವಿ. ಆದ್ರೆ ಗುಬ್ಬಿಯವನ ಮಾವ ಸುಮ್ಮನಿರಲಿಲ್ಲ.

ಮಾವ ಅಂದ್ರೆ ಅವನ ತಾಯಿಯ ತಮ್ಮ. ಗುಬ್ಬಿಯಲ್ಲಿ ಪಂಪು, ಪೈಪು, ಮೋಟಾರಿನ ಅಂಗಡಿ. ಎಲೆಕ್ಟ್ರಿಕ್ ಸ್ಕೂಟರ್ ಮಾರೋಣ ಅಂತ ತಲೆಗೆ ಬಂತು ಅವರಿಗೆ. ಮೊದಲು ಅವರು ಹೇಳಿದ್ದು, "ಲೈಸೆನ್ಸೂ ಬ್ಯಾಡ, ನಂಬ್ರೂ ಬ್ಯಾಡ, ಅಂಥ ಸ್ಕೂಟ್ರು ಐತಂತಲ್ಲ, ಅದ್ನೇ ಇಕ್ತೀನಿ." ಅಂಥದ್ದು ನಿಜಕ್ಕೂ ಇದೆ. ಮೋಟಾರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟಿಗಿಂತ ಕಮ್ಮಿ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಮ್ಮಿ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರಬಾರದು. ಹಾಗಿದ್ರೆ ಕಾನೂನಿನ ಕಣ್ಣಿಗೆ ಅದು ಮೋಟಾರು ವಾಹನವೇ ಅಲ್ಲ. ಎಲೆಕ್ಟ್ರಿಕಲ್‌ನವನು ಪೇಪರಿನ ಮೇಲೆ ಲೆಕ್ಕ ಹಾಕಿ ತೋರಿಸಿದ. ಇಬ್ಬರು ಕೂತು ಒಂದು ಏರು ಹತ್ತಬೇಕಾದ್ರೆ 250 ವ್ಯಾಟಿನಲ್ಲಿ ನಡೆದುಕೊಂಡು ಹೋದಷ್ಟೇ ವೇಗ. ಗುಬ್ಬಿಯಿಂದ ನಿಟ್ಟೂರಿಗೆ, ಚೇಳೂರಿಗೆ ತೆಂಗಿನಕಾಯಿ ಚೀಲ ಇಟ್ಟುಕೊಂಡು ಹೋಗೋವರಿಗೆ ಅದು ಆಗಲ್ಲ. ಮಾವನಿಗೂ ಅರ್ಥವಾಯ್ತು. ಹಂಗಾದ್ರೆ ನಂಬರಿರೋ ಸ್ಕೂಟರೇ ಸರಿ ಅಂದರು.

ಆಗ ತುಮಕೂರಿನ ಒಬ್ಬ ಡೀಲರು ಒಂದು ಸುಲಭದ ದಾರಿ ತೋರಿಸಿದ. "ನೀವ್ಯಾಕೆ ಆರ್‌ಟಿಓ ತಲೆನೋವು ತಗೋತೀರಾ? ನಮ್ಮ ಟಿಸಿ ಪ್ಲೇಟು ಎರಡು ಕೊಡ್ತೀನಿ. ಗಾಡಿ ನಿಮ್ಮಂಗ್ಡೀಲಿ ಇಟ್ಕೊಳ್ಳಿ, ಗಿರಾಕಿಗೆ ಓಡ್ಸೋಕ್ ಕೊಡಿ, ಬಿಲ್ಲು ನಮ್ಮದು, ಕಮಿಷನ್ ನಿಮ್ಮದು." ಮಾವನಿಗೆ ಇಷ್ಟವಾಯ್ತು. ನಮಗೆ ಆ ಭಾನುವಾರ ನೆನಪಾಯ್ತು. ರಾತ್ರಿ ಇದರ ಮೇಲೆ ದೊಡ್ಡ ಜಗಳವೇ ಆಯ್ತು. ತುಮಕೂರಿನವನು ಆ ಡೀಲರಿನ ಪರ. "ಪರವಾಗಿ ಕೆಲಸ ಮಾಡೋನು ಇರಬಹುದು ಅಂತ 40ನೇ ನಿಯಮದಲ್ಲೇ ಇದ್ಯಲ್ಲೋ, ಮಾವ ಅವನ ಪರವಾಗಿ ತಾನೆ?" ವಾದ ಪೂರ್ತಿ ಬುಡವಿಲ್ಲದ್ದೇನಲ್ಲ. ಆದ್ರೆ ಆ ಮಾತು ಗಾಡಿಯಲ್ಲಿ ಯಾರು ಕೂತಿರಬೇಕು ಅನ್ನೋದಕ್ಕೆ. ಅಂಗಡಿ ಯಾರದು ಅನ್ನೋದಕ್ಕಲ್ಲ. ಸರ್ಟಿಫಿಕೇಟು ಡೀಲರು ವ್ಯಾಪಾರ ಮಾಡೋ ಜಾಗಕ್ಕೆ ಕಟ್ಟಿಹಾಕಿದ್ದು. ಗುಬ್ಬಿಯ ಅಂಗಡಿ ಮಾವನದು, ಬೋರ್ಡು ಮಾವನದು. 2025ರಲ್ಲಿ ಮಹಾರಾಷ್ಟ್ರದಲ್ಲಿ ಹೆಸರಾಂತ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಯೊಂದರ ಮಳಿಗೆಗಳ ಮೇಲೆ ಸಾರಿಗೆ ಇಲಾಖೆ ಬಿದ್ದದ್ದೂ ಹೀಗೇ, ಮಳಿಗೆಗೆ ಸ್ವಂತ ಟ್ರೇಡ್ ಸರ್ಟಿಫಿಕೇಟ್ ಇಲ್ಲ ಅಂತ. ಅಷ್ಟು ದೊಡ್ಡ ಕಂಪನಿಯನ್ನೇ ಬಿಡದವರು ಗುಬ್ಬಿ ಮಾವನನ್ನ ಬಿಡ್ತಾರಾ? ಕುಣಿಗಲ್ಲಿನವನು ಇಷ್ಟು ಹೊತ್ತು ಮಾತಾಡದೆ ಕೂತಿದ್ದವನು, "ಯಾವನಾದ್ರೂ ಬಿದ್ದ ದಿನ ಆ ಡೀಲರು ಫೋನಲ್ಲಿ ಏನ್ ಹೇಳ್ತಾನೆ ಅಂತ ನಂಗ್ ಗೊತ್ತು" ಅಂದ. ಚರ್ಚೆ ಅಲ್ಲಿಗೆ ಮುಗೀತು.

ಸ್ವಂತಕ್ಕೆ ಅರ್ಜಿ ಹಾಕೋದು ಅಂತಾಯ್ತು. ಮಾವ ಮಾರನೇ ದಿನ ಖುಷಿಯಿಂದ ಫೋನು ಮಾಡಿ, "ಟ್ರೇಡ್ ಲೈಸೆನ್ಸ್ ನನ್ ತಾವ ಆಗ್ಲೇ ಐತೆ ಕಣ್ರಪ್ಪಾ" ಅಂದರು. ನೋಡಿದ್ರೆ ಪಟ್ಟಣ ಪಂಚಾಯಿತಿಯವರು ಅಂಗಡಿಗೆ ಕೊಟ್ಟ ವ್ಯಾಪಾರ ಪರವಾನಗಿ. ಅದು ಬೇಕು, ಆದ್ರೆ ಅದು ಇದಲ್ಲ. ಅದು ಅಂಗಡಿ ಬಾಗಿಲು ತೆಗೆಯೋಕೆ, ಇದು ಗಾಡಿ ರಸ್ತೆಗಿಳಿಸೋಕೆ. ಹೆಸರು ಒಂದೇ ಥರ ಇಟ್ಟು ಜನರನ್ನ ಅಲೆಸೋದು ನಮ್ಮ ಸರ್ಕಾರಗಳಿಗೆ ಅದೇನು ಸುಖವೋ.

ಈಗಿನ ಪದ್ಧತಿ 2022ರ ಸೆಪ್ಟೆಂಬರ್ 14ರ ಅಧಿಸೂಚನೆಯದು, ಅದೇ ವರ್ಷದ ನವೆಂಬರ್ 1ರಿಂದ ಜಾರಿಗೆ ಬಂದದ್ದು. ಮೊದಲು ಸರ್ಟಿಫಿಕೇಟು ಹನ್ನೆರಡು ತಿಂಗಳಿಗೆ ಮಾತ್ರ, ವರ್ಷ ವರ್ಷ ನವೀಕರಣ, ಗಾಡಿಯ ಒಂದೊಂದು ವರ್ಗಕ್ಕೂ ಬೇರೆ ಬೇರೆ ಅರ್ಜಿ. ಈಗ ಐದು ವರ್ಷಕ್ಕೆ, ಒಂದೇ ಅರ್ಜಿಯಲ್ಲಿ ಹಲವು ವರ್ಗ, ಎಲ್ಲಾ ವಾಹನ್ ಪೋರ್ಟಲಿನಲ್ಲೇ. ಅರ್ಜಿ 16ನೇ ನಮೂನೆಯಲ್ಲಿ. ಡೀಲರ್ ಮಾತ್ರವಲ್ಲ, ತಯಾರಕ, ಆಮದುದಾರ, ಪರೀಕ್ಷಾ ಸಂಸ್ಥೆ ಕೂಡ ತಗೋಬಹುದು. ಆದ್ರೆ ಬಾಗಿಲ ಬೀಗ ಇರೋದು 16ಎ ನಮೂನೆಯಲ್ಲಿ. ಇವರು ನಮ್ಮ ಅಧಿಕೃತ ಡೀಲರು ಅಂತ ಕಂಪನಿ ಕೊಡೋ ಪತ್ರ ಅದು. ಅದಿಲ್ಲದೆ ಅಂಗಡಿ ಎಷ್ಟು ದೊಡ್ಡದಿದ್ರೂ, ದುಡ್ಡು ಎಷ್ಟಿದ್ರೂ ಅರ್ಹತೆ ಇಲ್ಲ. ಸಬ್ ಡೀಲರ್ ಅಂತ ಬೋರ್ಡು ಹಾಕಿಕೊಂಡ ಎಷ್ಟೋ ಜನ ಸಿಕ್ಕಿಬೀಳೋದು ಇಲ್ಲೇ. ಕಂಪನಿಯವರು ಮಾವನನ್ನ ನಾಲ್ಕು ತಿಂಗಳು ಕಾಯಿಸಿದರು. ಠೇವಣಿ ಕೇಳಿದರು, ಅಂಗಡಿ ಅಗಲ ಅಳೆದರು, ಸರ್ವಿಸಿಗೆ ಜಾಗ ಎಲ್ಲಿ ಅಂದರು. ಪೈಪು ಇಟ್ಟಿದ್ದ ಶೆಡ್ಡು ಖಾಲಿ ಮಾಡಿಸಿ ತೋರಿಸಬೇಕಾಯ್ತು.

ಅರ್ಜಿ ಹಾಕಿದ್ದು ನಮ್ಮ ರೂಮಿನಲ್ಲೇ, ಗುಬ್ಬಿಯವನ ಲ್ಯಾಪ್‌ಟಾಪಿನಲ್ಲಿ. ಜಿಎಸ್‌ಟಿ, ಪ್ಯಾನು, ಪಂಚಾಯಿತಿ ಪರವಾನಗಿ, ಅಂಗಡಿಯ ದಾಖಲೆ, 16ಎ. ಒಂದ್ಸಲ ವಾಪಸ್ ಬಂತು. ಅಂಗಡಿ ಇನ್ನೂ ಮಾವನ ತಂದೆ ಹೆಸರಿನಲ್ಲಿತ್ತು, ಜಿಎಸ್‌ಟಿ ಮಾವನ ಹೆಸರಿನಲ್ಲಿ. ಮಗ ಅಪ್ಪನಿಗೆ ಬಾಡಿಗೆ ಕರಾರು ಬರೆದುಕೊಡಬೇಕಾಯ್ತು. ತಾತ "ನನ್ ಮನೇಲಿ ನನ್ ಮಗ ಬಾಡ್ಗೆಗೈದಾನಾ?" ಅಂತ ಸಹಿ ಹಾಕೋಕೆ ಎರಡು ದಿನ ಸತಾಯಿಸಿದರು. ಆಮೇಲೆ ಆರ್‌ಟಿಓ ಕಚೇರಿಯಿಂದ ಇನ್ಸ್‌ಪೆಕ್ಟರು ಬಂದು ಜಾಗ ನೋಡಿಕೊಂಡು ಹೋದರು. ಮೂವತ್ತು ದಿನದೊಳಗೆ ಹೂಂ ಅನ್ನಬೇಕು ಇಲ್ಲಾ ಉಹೂಂ ಅನ್ನಬೇಕು, ಏನೂ ಅನ್ನದಿದ್ದರೆ ಒಪ್ಪಿದ ಹಾಗೇ ಲೆಕ್ಕ, ಇದೂ 2022ರ ನಿಯಮದಲ್ಲೇ ಬಂದದ್ದು. ನಿರಾಕರಿಸೋದಾದ್ರೆ ಅರ್ಜಿದಾರನ ಮಾತು ಕೇಳದೆ ನಿರಾಕರಿಸೋ ಹಾಗಿಲ್ಲ, ಅದರ ಮೇಲೆ ಮೇಲ್ಮನವಿಗೂ ದಾರಿ ಇದೆ. ನಮಗೆ ಅಷ್ಟು ದೂರ ಹೋಗೋ ಪ್ರಸಂಗ ಬರಲಿಲ್ಲ. 17ನೇ ನಮೂನೆಯಲ್ಲಿ ಸರ್ಟಿಫಿಕೇಟು ಬಂತು.

ಎಷ್ಟು ಗುರುತು ಬೇಕು ಅನ್ನೋದನ್ನ ಅರ್ಜಿಯಲ್ಲೇ ಹೇಳಬೇಕು. ಮಾವ ಹತ್ತು ಅಂದಿದ್ದರು, ದೊಡ್ಡಸ್ತಿಕೆಗೆ. ನಾವು ಕೂತು ಲೆಕ್ಕ ಹಾಕಿದ್ವಿ. ತುಮಕೂರಿನ ಗೋಡೌನಿಂದ ತರೋಕೆ ಒಂದು, ಗಿರಾಕಿಗೆ ಓಡಿಸಿ ತೋರಿಸೋಕೆ ಒಂದು, ರಿಜಿಸ್ಟ್ರೇಷನ್ ಓಡಾಟಕ್ಕೆ ಒಂದು. ಮೂರು ಸಾಕು. ಕಮ್ಮಿ ಇದ್ದರೆ ಯಾವುದು ಎಲ್ಲಿದೆ ಅಂತ ಗೊತ್ತಿರುತ್ತೆ. ಕಳೆದುಹೋದ್ರೆ 18ನೇ ನಮೂನೆ, ಪೊಲೀಸ್ ಸ್ಟೇಷನ್ನು, ಆ ತಾಪತ್ರಯವೂ ಕಮ್ಮಿ. ಟಿಸಿ ನಂಬರಿನ ಮೇಲೆ ಮಾಡಿಸೋ ವಿಮೆ ಬೇರೆಯೇ ಇದೆ, ಅದನ್ನೂ ಮಾಡಿಸಿದರು. ಅದನ್ನ ಮಾಡಿಸಲೇಬೇಕು ಅಂತ ಹಟ ಹಿಡಿದವನು ಕುಣಿಗಲ್ಲಿನವನು.

ಈ ಓಡಾಟದ ನಡುವೆ ಬೇರೆ ದೇಶಗಳಲ್ಲಿ ಹೇಗಿದೆ ಅಂತಲೂ ನೋಡಿದ್ವಿ. ಇಂಗ್ಲೆಂಡಿನಲ್ಲಿ ವ್ಯಾಪಾರಿ ಪ್ಲೇಟು ಬಿಳಿ ಮೇಲೆ ಕೆಂಪು ಅಕ್ಷರ, ನಮ್ಮದಕ್ಕೆ ತದ್ವಿರುದ್ಧ. ಅಲ್ಲಿ ಬರೀ ಮಾರೋವರಿಗಲ್ಲ, ರಿಪೇರಿಯವರಿಗೂ ಸಿಗುತ್ತೆ. ಜರ್ಮನಿಯಲ್ಲೂ ಕೆಂಪು ಅಕ್ಷರವೇ. ವ್ಯಾಪಾರಿಗಳ ಸಂಖ್ಯೆ ಅಲ್ಲಿ 06ರಿಂದ ಶುರುವಾಗುತ್ತೆ. ತುಮಕೂರಿನವನು ಇದನ್ನ ಓದಿ ಎದೆ ಉಬ್ಬಿಸಿಕೊಂಡು ಎರಡು ದಿನ ಓಡಾಡಿದ.

ಬಟವಾಡಿ ಕಡೆಯ ಸೆಕೆಂಡ್ ಹ್ಯಾಂಡ್ ಕಾರಿನವರದು ಬೇರೆ ಕತೆ. ಆ ಕಾರುಗಳಿಗೆ ಆಗಲೇ ಯಾರದೋ ಹೆಸರಿನ ನಂಬರು ಇರುತ್ತೆ, ಟಿಸಿ ಬೇಕಿಲ್ಲ. ಆದ್ರೆ ಮಾರಿದವನ ಹೆಸರಿನಲ್ಲೇ ಕಾರು ತಿಂಗಳುಗಟ್ಟಲೆ ತಿರುಗಿ, ದಂಡದ ನೋಟಿಸು ಹಳೇ ಮಾಲೀಕನ ಮನೆಗೆ ಹೋಗ್ತಿತ್ತು. 2023ರ ಏಪ್ರಿಲ್ 1ರಿಂದ ಅವರಿಗೂ ಅಧಿಕೃತ ಡೀಲರ್ ಅಂತ ಪ್ರಮಾಣಪತ್ರ ಬೇಕು, ಗಾಡಿ ಕೈಗೆ ಬಂದ ಕೂಡಲೇ ಪೋರ್ಟಲಿನಲ್ಲಿ ತಿಳಿಸಬೇಕು, ಎಲ್ಲಿಗೆ ಓಡಿಸಿದರೂ ಬರೆದಿಡಬೇಕು. ನಿಮ್ಮಪ್ಪ ಹಳೇ ಕಾರು ಮಾರೋ ಯೋಚನೆಯಲ್ಲಿದ್ದರೆ ಇದನ್ನ ಹೇಳಿ.

ಅಜ್ಜನ ವಿಷಯ. ಪ್ಲಾಸ್ಟರ್ ತೆಗೆದ ದಿನ ನಾವೇ ಕರ್ಕೊಂಡು ಹೋಗಿದ್ವಿ. ಬೆರಳು ಪೂರ್ತಿ ಮಡಚೋಕೆ ಬರಲ್ಲ ಈಗಲೂ. ಸೈಕಲ್ ಹೊಡೀತಾರೆ, ಎಡಗಡೆ ಬ್ರೇಕು ಹಿಡಿಯಲ್ಲ. ಶೋರೂಮಿನ ಮೇಲೆ ಆರ್‌ಟಿಓಗೆ ಒಂದು ಅರ್ಜಿ ಬರೆಯೋಣ ಅಂತ ನಾವು ಎರಡು ಸಲ ಕೂತ್ವಿ. 44ನೇ ನಿಯಮದಲ್ಲಿ ಸರ್ಟಿಫಿಕೇಟು ಅಮಾನತು ಮಾಡೋಕೂ ರದ್ದು ಮಾಡೋಕೂ ಅವಕಾಶ ಇದೆ. ಎರಡು ಸಲವೂ ಕುಣಿಗಲ್ಲಿನವನು, ಓಡಿಸಿದ್ದು ನಾನು, ಮೊದಲು ನನ್ನ ಹೆಸರೇ ಬರುತ್ತೆ, ಪ್ಲೇಸ್‌ಮೆಂಟು ಹತ್ರ ಬಂದಿದೆ ಅಂದ. ನಾವೂ ಪೆನ್ನು ಕೆಳಗಿಟ್ವಿ. ಆ ಶೋರೂಮಿನ ಮುಂದೆ ಹಾದುಹೋಗುವಾಗ ಇವತ್ತಿಗೂ ನಾವು ರಸ್ತೆಯ ಆಚೆ ಬದಿಗೆ ಹೋಗ್ತೀವಿ.

ಹೋದ ತಿಂಗಳು ಗುಬ್ಬಿಗೆ ಹೋಗಿದ್ವಿ, ಚನ್ನಬಸವೇಶ್ವರನ ದೇವಸ್ಥಾನಕ್ಕೆ ಅಂತ ಮನೇಲಿ ಹೇಳಿ. ಮಾವನ ಅಂಗಡಿಯ ಮುಂದೆ ಆರು ಸ್ಕೂಟರು. ಒಳಗೆ ಗೋಡೆಗೆ ಮೂರು ಮೊಳೆ, ಅದಕ್ಕೆ ಮೂರು ಕೆಂಪು ಪ್ಲೇಟು. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಒಂದು ಉದ್ದನೆಯ ಪುಸ್ತಕ. 43ನೇ ನಿಯಮದ ಪ್ರಕಾರ 19ನೇ ನಮೂನೆಯಲ್ಲಿ ಪ್ರತಿ ಓಡಾಟದ ಲೆಕ್ಕ ಇಡಬೇಕು. ಪೋರ್ಟಲಿನಲ್ಲಿ ತುಂಬ್ತಾರೆ, ಅದು ಸಾಲದು ಅಂತ ಮಾವ ಕೈಯಲ್ಲೂ ಬರೀತಾರೆ. ಕೆಲಸದ ಹುಡುಗನಿಗೆ ಕೊರಳಲ್ಲಿ ಐಡಿ ಕಾರ್ಡು.

ಬಿಸಿಲು ಜೋರಾಗಿತ್ತು. ಶಿರಾದವನು, "ಮಾವ, ಬಸ್ ಸ್ಟ್ಯಾಂಡಿನ ಹತ್ರ ಹೋಗಿ ಎಳನೀರು ಕುಡ್ಕೊಂಡ್ ಬರ್ತೀವಿ, ಒಂದು ಗಾಡಿ ಕೊಡಿ" ಅಂದ.

ಮಾವ ಮೊಳೆಯಿಂದ ಪ್ಲೇಟು ತೆಗೆದರು. ಪುಸ್ತಕ ಬಿಡಿಸಿದರು. ದಾರದ ಪೆನ್ನು ಹಿಡಿದು, ಗಾಡಿಯ ಚಾಸಿ ನಂಬರು, ಹೊರಟ ಸಮಯ ಎಲ್ಲಾ ತುಂಬಿ, ಉದ್ದೇಶ ಅನ್ನೋ ಕಾಲಮಿಗೆ ಬಂದು ತಲೆ ಎತ್ತಿದರು.

"ಏನಂತ ಬರೀಲಪ್ಪಾ?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಕುಣಿಗಲ್ಲಿನವನು ಆಗಲೇ ಅಂಗಡಿಯ ಮೆಟ್ಟಿಲು ಇಳಿದು ಬಸ್ ಸ್ಟ್ಯಾಂಡಿನ ಕಡೆ ನಡೆಯೋಕೆ ಶುರು ಮಾಡಿದ್ದ.